ಮನೆಯಲ್ಲೇ ಹುಳಿ ಬಿಯರ್: ಮೊದಲ ಪಂಕ್ತಿ ಬ್ಯಾಕ್ಟೀರಿಯಾಗೆ, ಎರಡನೆಯದು ಯೀಸ್ಟ್‌ಗೆ

ಮೊದಲು ಕಾನೂನಿನ ಮಾತು ಮುಗಿಸಿಬಿಡೋಣ. ಕರ್ನಾಟಕದಲ್ಲಿ ಮನೆಯಲ್ಲಿ ಬಿಯರ್ ಮಾಡುವಂತಿಲ್ಲ. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಹಾಗಾಗಿ ಈ ಬರಹ ಮುಖ್ಯವಾಗಿ ಹೊರದೇಶದಲ್ಲಿರುವ ಕನ್ನಡಿಗರಿಗೆ. ಅಮೆರಿಕದಲ್ಲಿ 1978ರಲ್ಲಿ ಕಾನೂನು ಬದಲಾಯಿತು. ಒಬ್ಬ ವಯಸ್ಕರಿರುವ ಮನೆಯಲ್ಲಿ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಜಾಸ್ತಿ ಜನ ಇದ್ದರೆ 200 ಗ್ಯಾಲನ್ ಮಾಡಿಕೊಳ್ಳಬಹುದು, ಆದರೆ ಮಾರುವಂತಿಲ್ಲ. ಬ್ರಿಟನ್‌ನಲ್ಲಿ 1963ರಿಂದ ಇದಕ್ಕೆ ಲೈಸೆನ್ಸ್ ಬೇಕಿಲ್ಲ. ಬೇರೆ ಕಡೆ ಇರುವವರು ನಿಮ್ಮ ಊರಿನ ನಿಯಮ ನೋಡಿಕೊಂಡೇ ಶುರು ಮಾಡಿ. ಇಲ್ಲಿ ಹೇಳುತ್ತಿರುವುದು ಹುದುಗಿಸುವ ಕೆಲಸ ಮಾತ್ರ. ಭಟ್ಟಿ ಇಳಿಸುವ ಗೋಜಿಗೆ ಯಾರೂ ಹೋಗಬೇಡಿ.

ಸಾಮಾನ್ಯ ಬಿಯರ್ ಒಂದೆರಡು ಸಲ ಮಾಡಿ ಕೈ ಪಳಗಿದವರಿಗೆ ಹುಳಿ ಬಿಯರ್ ಕಷ್ಟವಲ್ಲ. ಅರ್ಥ ಮಾಡಿಕೊಳ್ಳಬೇಕಾದದ್ದು ಒಂದೇ. ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಕಾಳು) ನೆನೆಸಿ ತೆಗೆದ ಸಿಹಿ ರಸಕ್ಕೆ, ಅಂದರೆ ವರ್ಟ್‌ಗೆ, ಬಾಯಿ ಹಾಕಲು ಹತ್ತಾರು ಬಗೆಯ ಜೀವಿಗಳು ಕಾದಿರುತ್ತವೆ. ಮೊದಲ ಪಂಕ್ತಿಯಲ್ಲಿ ಯಾರನ್ನು ಕೂರಿಸುತ್ತೀರಿ, ಅವರನ್ನು ಯಾವಾಗ ಎಬ್ಬಿಸುತ್ತೀರಿ ಅನ್ನುವುದರ ಮೇಲೆ ರುಚಿ ನಿಂತಿದೆ. ಸಾಮಾನ್ಯ ಬಿಯರ್‌ನಲ್ಲಿ ಯೀಸ್ಟ್ ಒಂದೇ ಊಟಕ್ಕೆ ಕೂರುತ್ತದೆ. ಹುಳಿ ಬಿಯರ್‌ನಲ್ಲಿ ಲ್ಯಾಕ್ಟೋಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾ ಮೊದಲು ಕೂತು ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲ ಮಾಡುತ್ತದೆ. ಆಮೇಲೆ ಯೀಸ್ಟ್ ಬಂದು ಉಳಿದದ್ದನ್ನು ಆಲ್ಕೋಹಾಲ್ ಮಾಡುತ್ತದೆ.

ದಾರಿ ಎರಡಿವೆ. ಪಾತ್ರೆಯಲ್ಲೇ ಎರಡು ದಿನದಲ್ಲಿ ಹುಳಿಸಿ, ಕುದಿಸಿ, ಆಮೇಲೆ ಯೀಸ್ಟ್ ಹಾಕುವುದು ಒಂದು. ಇದಕ್ಕೆ ಕೆಟಲ್ ಸೋರ್ ಅನ್ನುತ್ತಾರೆ, ಮೂರು ನಾಲ್ಕು ವಾರದಲ್ಲಿ ಕುಡಿಯಬಹುದು. ಎಲ್ಲರನ್ನೂ ಒಟ್ಟಿಗೆ ಬಿಟ್ಟು ತಿಂಗಳುಗಟ್ಟಲೆ ಕಾಯುವುದು ಇನ್ನೊಂದು. ಬೆಲ್ಜಿಯಂನ ಲ್ಯಾಂಬಿಕ್ ಈ ಎರಡನೆಯ ದಾರಿಯದು. ಮೊದಲನೆಯದರಲ್ಲೇ ಶುರು ಮಾಡಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅದರಲ್ಲಿ ಹುಳಿಯನ್ನು ಅಳೆಯುವುದು, ಮೂಗಿನಿಂದ ಒಳ್ಳೆಯದು ಕೆಟ್ಟದ್ದು ಗುರುತಿಸುವುದು ಬೇಗ ಕಲಿಯುತ್ತೀರಿ. ಆ ಎರಡೂ ಗೊತ್ತಿಲ್ಲದೆ ವರ್ಷ ಕಾಯುವ ಬಿಯರ್‌ಗೆ ಕೈ ಹಾಕಿದರೆ ಒಳಗೆ ಏನಾಗುತ್ತಿದೆ ಅಂತ ತಿಳಿಯುವುದೇ ಇಲ್ಲ.

ಬೇಕಾಗುವ ಸಾಮಾನು

10 ಲೀಟರ್ ಬಿಯರ್‌ಗೆ ಲೆಕ್ಕ ಹೇಳುತ್ತೇನೆ. 16 ಲೀಟರ್ ಹಿಡಿಯುವ, ಮುಚ್ಚಳ ಇರುವ ಸ್ಟೀಲ್ ಪಾತ್ರೆ. ಮಾಲ್ಟ್ ಹಾಕಲು ದೊಡ್ಡ ಬಟ್ಟೆ ಚೀಲ. ಹುದುಗಿಸಲು ಏರ್‌ಲಾಕ್ (ಒಳಗಿನ ಗ್ಯಾಸ್ ಹೊರಬಿಟ್ಟು ಹೊರಗಿನ ಗಾಳಿ ತಡೆಯುವ ಸಾಧನ) ಕೂರುವ ಡಬ್ಬ ಅಥವಾ ಗಾಜಿನ ಜಾಡಿ. ಥರ್ಮಾಮೀಟರ್, ಹೈಡ್ರೋಮೀಟರ್, ಹಾಕಿದ ಮೇಲೆ ನೀರಿನಲ್ಲಿ ತೊಳೆಯಬೇಕಿಲ್ಲದ ಸ್ಯಾನಿಟೈಸರ್.

ಇವೆಲ್ಲ ನಿಮ್ಮ ಹತ್ತಿರ ಇದ್ದೇ ಇರುತ್ತವೆ. ಹೊಸದಾಗಿ ಕೊಳ್ಳಬೇಕಾದದ್ದು ಪಿಎಚ್ ಮೀಟರ್. ಹುಳಿ ಅಳೆಯುವ ಸಾಧನ ಇದು, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ. ಬಣ್ಣದ ಪಟ್ಟಿಗಳು ಸಾಲುವುದಿಲ್ಲ. 3.3ಕ್ಕೂ 3.6ಕ್ಕೂ ನಾಲಿಗೆಯ ಮೇಲೆ ತುಂಬಾ ವ್ಯತ್ಯಾಸ ಇದೆ, ಪಟ್ಟಿಯಲ್ಲಿ ಅದು ಕಾಣುವುದಿಲ್ಲ. ಬಳಸುವ ದಿನವೇ 4.00 ಮತ್ತು 7.00ರ ದ್ರಾವಣದಲ್ಲಿ ಮೀಟರನ್ನು ಸರಿಹೊಂದಿಸಿಕೊಳ್ಳಿ. ಅಳೆಯುವ ಮುಂಚೆ ಸ್ಯಾಂಪಲ್ ಕೋಣೆಯ ಬಿಸಿಗೆ ಇಳಿದಿರಬೇಕು, ಗ್ಯಾಸ್ ಇದ್ದರೆ ಅಲ್ಲಾಡಿಸಿ ಬಿಡಬೇಕು.

ಸಾಮಗ್ರಿ ಇಷ್ಟು: ಪಿಲ್ಸ್ನರ್ ಮಾಲ್ಟ್ 800 ಗ್ರಾಂ, ಗೋಧಿ ಮಾಲ್ಟ್ 800 ಗ್ರಾಂ, ಎರಡೂ ಒಡೆದದ್ದು. ಹಾಪ್ಸ್, ಅಂದರೆ ಬಿಯರ್‌ಗೆ ಕಹಿ ಕೊಡುವ ಹೂವು, ಕಡಿಮೆ ಕಹಿಯದು 5 ಗ್ರಾಂ, ಹಾಲರ್ಟೌ ಆದರೆ ಚೆನ್ನ. 88 ಶೇಕಡಾದ ಲ್ಯಾಕ್ಟಿಕ್ ಆಮ್ಲದ ಸಣ್ಣ ಬಾಟಲಿ. ಒಂದು ಪ್ಯಾಕೆಟ್ ಒಣ ಏಲ್ ಯೀಸ್ಟ್, ಯುಎಸ್-05 ಸಾಕು. ಇದು ಬರ್ಲಿನ್ನರ್ ವೈಸೆ ಎಂಬ ಜರ್ಮನಿಯ ಹಗುರ ಹುಳಿ ಬಿಯರ್‌ನ ಲೆಕ್ಕ. ಆಲ್ಕೋಹಾಲ್ ಮೂರೂವರೆ ಶೇಕಡಾದ ಆಸುಪಾಸು ಬರುತ್ತದೆ.

ಹೆಪ್ಪು ಯಾವುದು?

ನಮ್ಮವರು ಕೇಳುವ ಮೊದಲ ಪ್ರಶ್ನೆ ಇದೇ. ಮನೆಯಲ್ಲಿ ಮೊಸರಿದೆ, ದೋಸೆ ಹಿಟ್ಟಿದೆ, ಅದನ್ನೇ ಒಂದು ಚಮಚ ಹಾಕಿದರೆ ಆಗಲ್ವಾ?

ಮೊಸರು ಬೇಡ. ಅಂಗಡಿಯ ಯೋಗರ್ಟ್‌ನಲ್ಲಿರುವ ಬ್ಯಾಕ್ಟೀರಿಯಾಗಳು ಹಾಲಿನ ಸಕ್ಕರೆಗೆ ಒಗ್ಗಿಕೊಂಡವು. ವರ್ಟ್‌ನಲ್ಲಿ ಜಾಸ್ತಿ ಇರುವುದು ಮಾಲ್ಟೋಸ್. ಅದನ್ನು ಅವು ಸರಿಯಾಗಿ ತಿನ್ನುವುದಿಲ್ಲ. ಹುಳಿ ನಿಧಾನವಾಗುತ್ತದೆ, ಆ ಸಂದಿನಲ್ಲಿ ಬೇಡದವರು ನುಗ್ಗುತ್ತಾರೆ. ದೋಸೆ ಹಿಟ್ಟಿನಲ್ಲಿ ಲ್ಯೂಕೋನಾಸ್ಟಾಕ್ ಮುಖ್ಯವಾಗಿ ಕೆಲಸ ಮಾಡುತ್ತದೆ, ಜೊತೆಗೆ ಇನ್ನೂ ಹಲವು ಇರುತ್ತವೆ. ಒಂದೊಂದು ಮನೆಯದು ಒಂದೊಂದು ಥರ. ಹಿಟ್ಟಿಗೆ ಒಂದು ರಾತ್ರಿ ಸಾಕು, ಬೆಳಿಗ್ಗೆ ಕಾವಲಿಯ ಮೇಲೆ ಎಲ್ಲ ಬೆಂದುಹೋಗುತ್ತದೆ. 10 ಲೀಟರ್ ಬಿಯರನ್ನು ಅದರ ಮೇಲೆ ಪಣಕ್ಕಿಡುವುದು ಬೇಡ. ಕುತೂಹಲ ಇದ್ದರೆ ಅರ್ಧ ಲೀಟರ್ ವರ್ಟ್ ಬೇರೆ ಬಾಟಲಿಯಲ್ಲಿ ಇಟ್ಟು ನೋಡಿ.

ಬೇಕಾದದ್ದು ಲ್ಯಾಕ್ಟೋಬ್ಯಾಸಿಲಸ್ ಪ್ಲಾಂಟಾರಮ್. ಮಾಲ್ಟೋಸ್ ಇದಕ್ಕೆ ಸಲೀಸು, 30ರಿಂದ 35 ಡಿಗ್ರಿಯಲ್ಲೇ (ಇಲ್ಲಿ ಎಲ್ಲ ಲೆಕ್ಕವೂ ಸೆಲ್ಸಿಯಸ್) ಚುರುಕಾಗಿ ಓಡುತ್ತದೆ, ಹುಳಿ ಶುದ್ಧವಾಗಿ ಬರುತ್ತದೆ. ಬ್ರೂಯಿಂಗ್ ಸಾಮಾನಿನ ಅಂಗಡಿಯಲ್ಲಿ ಪ್ಯಾಕೆಟ್ ಸಿಗುತ್ತದೆ. ಔಷಧಿ ಅಂಗಡಿಯ ಪ್ರೊಬಯಾಟಿಕ್ ಕ್ಯಾಪ್ಸೂಲ್ ಕೂಡ ಆಗುತ್ತದೆ, ಆದರೆ ಒಳಗೆ ಇದೊಂದೇ ಇರಬೇಕು. ಒಂದೊಂದರಲ್ಲಿ 1,000 ಕೋಟಿ ಜೀವಕೋಶ ಇರುವ ಕ್ಯಾಪ್ಸೂಲ್ ಆದರೆ ಆರೇಳು ಸಾಕು. 2020ರಲ್ಲಿ ವಿಜ್ಞಾನಿಗಳು ಇದರ ಹೆಸರನ್ನು ಲ್ಯಾಕ್ಟಿಪ್ಲಾಂಟಿಬ್ಯಾಸಿಲಸ್ ಪ್ಲಾಂಟಾರಮ್ ಅಂತ ಬದಲಾಯಿಸಿದ್ದಾರೆ. ಡಬ್ಬಿಯ ಮೇಲೆ ಎರಡರಲ್ಲಿ ಯಾವುದಿದ್ದರೂ ಅದೇ.

ಈ ಎರಡು ದಿನದ ಕೆಲಸವೇ ಬೇಡ ಅನ್ನುವವರಿಗೆ ಫಿಲಿ ಸೋರ್ ಅಂತ ಒಂದು ಒಣ ಯೀಸ್ಟ್ ಇದೆ. ಇದು ಲಚಾನ್ಸಿಯ ಜಾತಿಯದು. ಲ್ಯಾಕ್ಟಿಕ್ ಆಮ್ಲವನ್ನೂ ಆಲ್ಕೋಹಾಲನ್ನೂ ಒಂದೇ ಜೀವಿ ಮಾಡುತ್ತದೆ. ಸಾಮಾನ್ಯ ಬಿಯರ್‌ನ ಹಾಗೇ ಮಾಡಿ ಇದನ್ನು ಹಾಕಿದರೆ ಆಯಿತು. ಚೆನ್ನಾಗೇ ಬರುತ್ತದೆ. ಆದರೆ ಹುಳಿ ಎಷ್ಟಿರಬೇಕು ಅನ್ನುವುದು ನಿಮ್ಮ ಕೈಯಲ್ಲಿ ಅಷ್ಟಾಗಿ ಉಳಿಯುವುದಿಲ್ಲ.

ಮೊದಲ ದಿನ

ನಲ್ಲಿ ನೀರಿನಲ್ಲಿ ಕ್ಲೋರಿನ್ ಇದ್ದರೆ 13 ಲೀಟರ್‌ಗೆ ಕ್ಯಾಂಪ್ಡೆನ್ ಮಾತ್ರೆಯ ಕಾಲು ಭಾಗ ಪುಡಿ ಮಾಡಿ ಹಾಕಿ. ನೀರನ್ನು 69 ಡಿಗ್ರಿಗೆ ಕಾಯಿಸಿ. ಚೀಲವನ್ನು ಪಾತ್ರೆಗೆ ಹಾಸಿ, ಮಾಲ್ಟ್ ಸುರಿದು, ಗಂಟಾಗದಂತೆ ಕದಡಿ. ಈಗ 66 ಡಿಗ್ರಿ ಆಸುಪಾಸಿಗೆ ನಿಲ್ಲಬೇಕು. ಮುಚ್ಚಿ, ಮೇಲೆ ಕಂಬಳಿ ಹೊದಿಸಿ ಒಂದು ಗಂಟೆ ಬಿಡಿ. ಆಮೇಲೆ ಚೀಲ ಎತ್ತಿ ಹಿಂಡಿ.

ಬಂದ ರಸವನ್ನು ಹತ್ತು ನಿಮಿಷ ಕುದಿಸಿ. ಹಾಪ್ಸ್ ಈಗ ಹಾಕಬೇಡಿ. ಲ್ಯಾಕ್ಟೋಬ್ಯಾಸಿಲಸ್‌ಗೆ ಹಾಪ್ಸ್ ಆಗಿಬರುವುದಿಲ್ಲ, ಸ್ವಲ್ಪ ಕಹಿಯಿದ್ದರೂ ಕೆಲಸ ನಿಲ್ಲಿಸಿಬಿಡುತ್ತದೆ. ಈ ಕುದಿತ ಮಾಲ್ಟ್ ಜೊತೆ ಬಂದ ಕಾಡು ಜೀವಿಗಳನ್ನು ಓಡಿಸಲಿಕ್ಕೆ ಮಾತ್ರ.

35 ಡಿಗ್ರಿಗೆ ತಣಿಸಿ. ಈಗ ಪಿಎಚ್ ನೋಡಿ, 5.3 ಸುತ್ತಮುತ್ತ ಇರುತ್ತದೆ. ಲ್ಯಾಕ್ಟಿಕ್ ಆಮ್ಲವನ್ನು ಒಂದೊಂದೇ ಮಿಲಿಲೀಟರ್ ಹಾಕಿ ಕದಡುತ್ತಾ 4.5ಕ್ಕೆ ಇಳಿಸಿ. ಈ ಹೆಜ್ಜೆಯನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಬಿಡಬೇಡಿ. ನಾರುವ ವಾಸನೆ ಮಾಡುವ ಬ್ಯಾಕ್ಟೀರಿಯಾಗಳು 4.5ರ ಕೆಳಗೆ ಸೊರಗುತ್ತವೆ, ನಮ್ಮ ಪ್ಲಾಂಟಾರಮ್ ಸೊರಗುವುದಿಲ್ಲ. ಬೇಡದವರಿಗೆ ಪಂಕ್ತಿಯ ಬಾಗಿಲು ಮುಚ್ಚಿದ ಹಾಗೆ. ಬಿಯರ್‌ನ ನೊರೆ ನಿಲ್ಲಲೂ ಇದರಿಂದ ಸಹಾಯ ಆಗುತ್ತದೆ.

ಇನ್ನು ಹೆಪ್ಪು ಹಾಕಿ. ಕ್ಯಾಪ್ಸೂಲ್ ಬಿಚ್ಚಿ ಪುಡಿ ಉದುರಿಸಿದರೆ ಸಾಕು. ಅಂಟುವ ಪ್ಲಾಸ್ಟಿಕ್ ಹಾಳೆಗೆ ಸ್ಯಾನಿಟೈಸರ್ ಚಿಮುಕಿಸಿ, ವರ್ಟ್‌ನ ಮೈಗೇ ತಾಗುವಂತೆ ಹಾಸಿ. ಮಧ್ಯೆ ಗಾಳಿ ಉಳಿಯಬಾರದು. ಮೇಲೆ ಮುಚ್ಚಳ. ದೀಪ ಹಾಕಿಟ್ಟ ಓವನ್ ಒಳಗೆ, ಅಥವಾ ಹೀಟಿಂಗ್ ಪ್ಯಾಡ್ ಸುತ್ತಿ, 30–35 ಡಿಗ್ರಿ ಕಾಯ್ದುಕೊಳ್ಳಿ. ಓವನ್ನಿನ ಗುಂಡಿಯ ಮೇಲೆ ಒಂದು ಚೀಟಿ ಅಂಟಿಸಿ, ಮನೆಯವರು ಯಾರಾದರೂ ಗೊತ್ತಿಲ್ಲದೆ ಹಚ್ಚಿಬಿಟ್ಟಾರು.

ಮುಚ್ಚಳ ತೆಗೆದಾಗ

ಮರುದಿನ, ಸುಮಾರು 20 ಗಂಟೆಯ ಮೇಲೆ, ಹಾಳೆಯ ಒಂದು ಮೂಲೆ ಎತ್ತಿ. ಮೊದಲು ಮೂಗು. ಹಸಿ ಗೋಧಿ ಹಿಟ್ಟು, ನಿಂಬೆ ಸಿಪ್ಪೆ, ಸ್ವಲ್ಪ ಮೊಸರಿನ ತಿಳಿ ವಾಸನೆ ಬರಬೇಕು. ಮೇಲೆ ನೊರೆ ಹೆಚ್ಚು ಇರಬಾರದು. ದಪ್ಪ ನೊರೆ ಎದ್ದಿದ್ದರೆ ಯೀಸ್ಟ್ ಆಗಲೇ ಒಳಗೆ ಸೇರಿಕೊಂಡಿದೆ ಅಂತ ಅರ್ಥ. ಸಾಕ್ಸ್ ವಾಸನೆ, ಹಳೆ ಚೀಸ್ ವಾಸನೆ ಬಂದರೆ ಗಾಳಿ ಸೇರಿದೆ. ವಾಂತಿ ವಾಸನೆ ಬಂದರೆ ಅದು ಬ್ಯುಟಿರಿಕ್ ಆಮ್ಲ, ಕುದಿಸಿದರೂ ಹೋಗುವುದಿಲ್ಲ. ಅಂಥದ್ದನ್ನು ಚೆಲ್ಲಿಬಿಡಿ.

ಮೂಗು ಒಪ್ಪಿದರೆ ಶುಚಿಯಾದ ಸೌಟಿನಲ್ಲಿ ಸ್ವಲ್ಪ ತೆಗೆದು ತಣಿಸಿ, ಪಿಎಚ್ ನೋಡಿ, ಉಳಿದದ್ದನ್ನು ರುಚಿ ನೋಡಿ. ಇಲ್ಲಿ ನಾಲಿಗೆ ಮೋಸ ಮಾಡುತ್ತದೆ. ಸಕ್ಕರೆ ಇನ್ನೂ ಬಹುಪಾಲು ಇರುವುದರಿಂದ ಹುಳಿ ಕಡಿಮೆ ಅನ್ನಿಸುತ್ತದೆ. ಯೀಸ್ಟ್ ಆ ಸಿಹಿಯನ್ನು ತಿಂದ ಮೇಲೆ ಅದೇ ಹುಳಿ ಮುಖ ಕಿವುಚಿಸುತ್ತದೆ. ಅದಕ್ಕೇ ಮೀಟರನ್ನೇ ನಂಬಿ. ಮೊದಲ ಸಲ 3.4ಕ್ಕೆ ನಿಲ್ಲಿಸಿ. ಚುರುಕ್ ಅನ್ನುವಷ್ಟು ಹುಳಿ ಇಷ್ಟ ಇದ್ದವರು 3.2ರ ತನಕ ಹೋಗಬಹುದು, ಅದಕ್ಕಿಂತ ಕೆಳಗೆ ಯೀಸ್ಟ್‌ಗೆ ಕಷ್ಟ. ಸಾಮಾನ್ಯವಾಗಿ 24ರಿಂದ 48 ಗಂಟೆಯಲ್ಲಿ ಇಲ್ಲಿಗೆ ಬರುತ್ತದೆ. ಗಡಿಯಾರ ನೋಡಿ ನಿಲ್ಲಿಸಬೇಡಿ, ಅಂಕಿ ನೋಡಿ ನಿಲ್ಲಿಸಿ.

ಈಗ ಮೊದಲ ಪಂಕ್ತಿ ಎಬ್ಬಿಸುವ ಹೊತ್ತು. ವರ್ಟನ್ನು ಮತ್ತೆ ಕುದಿಗೆ ತಂದು, ಹಾಪ್ಸ್ ಹಾಕಿ, 15 ನಿಮಿಷ ಕುದಿಸಿ. ಬ್ಯಾಕ್ಟೀರಿಯಾ ಸಾಯುತ್ತದೆ, ಆಮ್ಲ ಹಾಗೇ ಉಳಿಯುತ್ತದೆ. ಕೆಟಲ್ ಸೋರ್‌ನ ದೊಡ್ಡ ಅನುಕೂಲ ಇದೇ. ಪೈಪು, ಡಬ್ಬ, ಬಾಟಲಿ ಯಾವುದಕ್ಕೂ ಹುಳಿಯ ಜೀವಿ ತಗಲುವುದಿಲ್ಲ.

19 ಡಿಗ್ರಿಗೆ ತಣಿಸಿ, ಡಬ್ಬಕ್ಕೆ ಸುರಿದು, ಚೆನ್ನಾಗಿ ಅಲ್ಲಾಡಿಸಿ ಗಾಳಿ ಸೇರಿಸಿ. 11.5 ಗ್ರಾಂನ ಪೂರ್ತಿ ಪ್ಯಾಕೆಟ್ ಯೀಸ್ಟನ್ನು ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ ಹಾಕಿ. ಸಾಮಾನ್ಯ ಬಿಯರ್ ಆದರೆ ಅರ್ಧ ಪ್ಯಾಕೆಟ್ ಸಾಕಾಗುತ್ತಿತ್ತು. ಹುಳಿಯಲ್ಲಿ ಯೀಸ್ಟ್ ತಡವರಿಸುತ್ತದೆ, ಕೈ ಬಿಗಿ ಮಾಡಬೇಡಿ. ಶುರುವಿನ ಗ್ರಾವಿಟಿ, ಅಂದರೆ ಹೈಡ್ರೋಮೀಟರ್ ತೋರಿಸುವ ಸಾಂದ್ರತೆ, 1.034 ಹತ್ತಿರ ಇರುತ್ತದೆ, ಒಂದು ವಾರದಲ್ಲಿ 1.006ಕ್ಕೆ ಇಳಿಯುತ್ತದೆ. ಮೂರು ದಿನ ಬಿಟ್ಟು ಎರಡು ಸಲ ನೋಡಿದಾಗಲೂ ಒಂದೇ ಅಂಕಿ ಬಂದರೆ ಬಾಟಲಿಗೆ ತಯಾರು. ಲೀಟರ್‌ಗೆ 7 ಗ್ರಾಂ ಸಕ್ಕರೆ ಕರಗಿಸಿ ಹಾಕಿ, ಬಾಟಲಿ ಮಾಡಿ, ಎರಡು ವಾರ ಕೋಣೆಯಲ್ಲಿಟ್ಟು ಫ್ರಿಜ್‌ಗೆ ಸೇರಿಸಿ.

ಕೊತ್ತಂಬರಿ, ಉಪ್ಪು, ಪುನರ್ಪುಳಿ

ಇದೇ ಬಿಯರ್‌ಗೆ ಉಪ್ಪು ಮತ್ತು ಕೊತ್ತಂಬರಿ ಬೀಜ ಸೇರಿಸಿದರೆ ಗೋಸ ಆಗುತ್ತದೆ. ಜರ್ಮನಿಯ ಗೋಸ್ಲಾರ್‌ನಲ್ಲಿ ಹುಟ್ಟಿ ಲೈಪ್ಜಿಗ್‌ನಲ್ಲಿ ಬೆಳೆದ ಬಿಯರ್ ಇದು. ಎರಡನೇ ಕುದಿತದ ಕೊನೆಯ ಐದು ನಿಮಿಷ ಇರುವಾಗ ಲೀಟರ್‌ಗೆ ಒಂದು ಗ್ರಾಂ ಕೊತ್ತಂಬರಿ ಬೀಜ ಕುಟ್ಟಿ ಹಾಕಿ, ಅಷ್ಟೇ ತೂಕದ ಅಯೋಡಿನ್ ಇಲ್ಲದ ಉಪ್ಪು ಹಾಕಿ. ಬೀಜ ಹುರಿಯಬೇಡಿ, ಹುರಿದರೆ ಸಾರಿನ ಪರಿಮಳ ಬರುತ್ತದೆ. ಇಂಡಿಯನ್ ಅಂಗಡಿಯಲ್ಲಿ ಸಿಗುವ ಉದ್ದನೆಯ, ತಿಳಿ ಬಣ್ಣದ ಬೀಜ ಇದಕ್ಕೆ ಬಹಳ ಚೆನ್ನ, ಕಿತ್ತಳೆಯ ಘಮ ಅದರಲ್ಲೇ ಇದೆ.

ಪುನರ್ಪುಳಿ, ಮಲೆನಾಡಿನವರ ಮುರುಗಲು, ಗೋಸಗೆ ಒಪ್ಪುವ ಹಣ್ಣು. ಬಣ್ಣ ಕೊಡುತ್ತದೆ, ತನ್ನದೇ ಹುಳಿಯನ್ನೂ ತರುತ್ತದೆ. ಹಾಗಾಗಿ ಪಾತ್ರೆಯ ಹುಳಿಯನ್ನು 3.5ಕ್ಕೇ ನಿಲ್ಲಿಸಿ. ಒಣ ಸಿಪ್ಪೆಯ ಸತ್ವ ಒಂದೊಂದು ಪೊಟ್ಟಣದಲ್ಲಿ ಒಂದೊಂದು ಥರ. ಯೀಸ್ಟ್ ಕೆಲಸ ಮುಗಿದ ಮೇಲೆ ಒಂದು ಲೋಟ ಬಿಯರ್‌ಗೆ ಒಂದು ಸಿಪ್ಪೆ ಹಾಕಿ ಒಂದು ದಿನ ಫ್ರಿಜ್‌ನಲ್ಲಿಟ್ಟು ರುಚಿ ನೋಡಿ, ಅದರ ಮೇಲೆ ಪೂರ್ತಿ ಡಬ್ಬದ ಲೆಕ್ಕ ಹಾಕಿಕೊಳ್ಳಿ. ಉಪ್ಪು ಹಾಕಿ ಒಣಗಿಸಿದ ಸಿಪ್ಪೆ ಆದರೆ ಕುದಿಸುವಾಗ ಉಪ್ಪು ಹಾಕಲೇಬೇಡಿ, ಕಡಿಮೆ ಬಿದ್ದರೆ ಕೊನೆಗೆ ಸೇರಿಸಿದರಾಯಿತು.

ತಾಜಾ ಹಣ್ಣು ಹಾಕುವವರು ಲೀಟರ್‌ಗೆ 100ರಿಂದ 200 ಗ್ರಾಂ ಹಾಕಿ. ಮೊದಲು ಫ್ರೀಜರ್‌ನಲ್ಲಿಟ್ಟು ಕರಗಿಸಿದರೆ ರಸ ಚೆನ್ನಾಗಿ ಬಿಡುತ್ತದೆ. ಹಣ್ಣಿನ ಸಕ್ಕರೆ ಪೂರ್ತಿ ಹುದುಗುವ ತನಕ ಬಾಟಲಿ ಮಾಡಬೇಡಿ.

ಎಲ್ಲರನ್ನೂ ಒಟ್ಟಿಗೆ ಕೂರಿಸುವ ದಾರಿ

ಬೆಲ್ಜಿಯಂನಲ್ಲಿ ಬ್ರಸೆಲ್ಸ್ ಸುತ್ತಲಿನ ಸೆನ್ನೆ ಕಣಿವೆ, ಪಾಯೊಟೆನ್‌ಲ್ಯಾಂಡ್ ಭಾಗದಲ್ಲಿ ಲ್ಯಾಂಬಿಕ್ ಮಾಡುವವರು ಹೆಪ್ಪು ಹಾಕುವುದೇ ಇಲ್ಲ. ಬ್ರಸೆಲ್ಸ್‌ನ ಕ್ಯಾಂಟಿಯೋ ಬ್ರೂವರಿ 1900ರಿಂದ ನಡೆಯುತ್ತಿದೆ. ಅಲ್ಲಿ ಬಿಸಿ ವರ್ಟನ್ನು ಅಟ್ಟದಲ್ಲಿರುವ ಅಗಲವಾದ ತಾಮ್ರದ ತೊಟ್ಟಿಗೆ ಬಿಟ್ಟು ರಾತ್ರಿಯಿಡೀ ಆರಲು ಬಿಡುತ್ತಾರೆ. ಚಳಿಗಾಲದಲ್ಲಿ ಮಾತ್ರ. ಸೆಖೆಯ ರಾತ್ರಿಗಳಲ್ಲಿ ಬೇಡದ ಬ್ಯಾಕ್ಟೀರಿಯಾ ಜಾಸ್ತಿ. ಗಾಳಿಯಿಂದ, ಕಟ್ಟಡದಿಂದ, ಮರದ ಪೀಪಾಯಿಯಿಂದ ಬಂದವರು ಸರದಿಯ ಮೇಲೆ ಕೆಲಸ ಮಾಡುತ್ತಾರೆ. ಮೊದಲ ವಾರಗಳಲ್ಲಿ ಕರುಳಿನ ಬ್ಯಾಕ್ಟೀರಿಯಾಗಳ ಬಂಧುಗಳು, ಆಮೇಲೆ ಯೀಸ್ಟ್, ಆಮೇಲೆ ಹುಳಿ ಮಾಡುವ ಪೀಡಿಯೋಕಾಕಸ್ ಬ್ಯಾಕ್ಟೀರಿಯಾ, ಕೊನೆಗೆ ಬ್ರೆಟಾನೊಮೈಸಿಸ್ ಎಂಬ ಯೀಸ್ಟ್. ಒಂದು, ಎರಡು, ಮೂರು ವರ್ಷದ ಲ್ಯಾಂಬಿಕ್‌ಗಳನ್ನು ಬೆರೆಸಿದರೆ ಗ್ಯೂಜ್.

ಈ ಬ್ರೆಟಾನೊಮೈಸಿಸ್‌ಗೆ ಹೆಸರಿಟ್ಟದ್ದು ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಬ್ರೂವರಿಯಲ್ಲಿದ್ದ ಕ್ಲಾಸೆನ್, 1904ರಲ್ಲಿ. ಇಂಗ್ಲೆಂಡಿನ ಹಳೆಯ ಏಲ್‌ಗಳ ರುಚಿಗೆ ಇದೇ ಕಾರಣ ಅಂತ ಅವರು ತೋರಿಸಿದರು. ನಮ್ಮಲ್ಲಿ ಅದನ್ನು ಚಿಕ್ಕದಾಗಿ ಬ್ರೆಟ್ ಅನ್ನುತ್ತೇವೆ. ಬೇರೆ ಯೀಸ್ಟ್ ಬಿಟ್ಟದ್ದನ್ನೂ ನಿಧಾನವಾಗಿ ತಿನ್ನುವ ಯೀಸ್ಟ್ ಇದು. ಅನಾನಸ್, ಒಣ ಹುಲ್ಲು, ಚರ್ಮದ ಪರಿಮಳ ಕೊಡುತ್ತದೆ.

ಮನೆಯಲ್ಲಿ ಮಾಡಲು ಗಾಳಿಗೆ ಬಿಡುವುದಕ್ಕಿಂತ ಮಿಶ್ರ ಹೆಪ್ಪಿನಲ್ಲಿ ಶುರು ಮಾಡುವುದು ಕ್ಷೇಮ. ವೈಯೀಸ್ಟ್ ಕಂಪನಿಯ ರುಸೆಲಾರೆ ಮಿಶ್ರಣದಲ್ಲಿ ಯೀಸ್ಟ್, ಬ್ರೆಟ್, ಬ್ಯಾಕ್ಟೀರಿಯಾ ಎಲ್ಲ ಇವೆ. ಇನ್ನೊಂದು ಉಪಾಯ ನನಗೆ ಬಹಳ ಇಷ್ಟ. ಪಾಶ್ಚರೀಕರಿಸದ ಗ್ಯೂಜ್ ಬಾಟಲಿ ತಂದು, ಮೇಲಿನದನ್ನು ನಿಧಾನವಾಗಿ ಬಗ್ಗಿಸಿ ಕುಡಿದು, ತಳದ ಎರಡು ಬೆರಳಿನಷ್ಟು ಮಡ್ಡಿಯನ್ನು ಉಳಿಸಿಕೊಳ್ಳಿ. ಬಾಟಲಿಯ ಬಾಯಿಗೆ ಬೆಂಕಿ ತೋರಿಸಿ, ಕುಲುಕಿ, ನಿಮ್ಮ ಡಬ್ಬಕ್ಕೆ ಸುರಿಯಿರಿ. ಬ್ರೆಟ್ ಮಾತ್ರ ಬೇಕಿದ್ದರೆ ಬೆಲ್ಜಿಯಂನ ಓರ್ವಾಲ್ ಬಿಯರ್ ಬಾಟಲಿಯ ಮಡ್ಡಿ ಆಗುತ್ತದೆ. ಸಿಹಿ ಹಣ್ಣಿನ ಲ್ಯಾಂಬಿಕ್‌ಗಳು ಸಾಮಾನ್ಯವಾಗಿ ಪಾಶ್ಚರೀಕರಿಸಿದವು, ಅವುಗಳಲ್ಲಿ ಜೀವ ಇರುವುದಿಲ್ಲ.

ಇದಕ್ಕೆ ವರ್ಟ್ ಸ್ವಲ್ಪ ಗಟ್ಟಿಯಾಗಿರಲಿ, 1.045ರಿಂದ 1.050. ಮಾಲ್ಟನ್ನು 69 ಡಿಗ್ರಿಯಲ್ಲಿ ನೆನೆಸಿ, ಬ್ರೆಟ್‌ಗೆ ತಿನ್ನಲು ಏನಾದರೂ ಉಳಿಯಬೇಕಲ್ವಾ. ಹಾಪ್ಸ್ ತೀರಾ ಕಡಿಮೆ. ಪ್ಲಾಸ್ಟಿಕ್ ಡಬ್ಬದ ಮೂಲಕ ಗಾಳಿ ನುಸುಳುತ್ತದೆ, ಆದ್ದರಿಂದ ಗಾಜಿನ ಜಾಡಿಯೇ ಬೇಕು, ಕುತ್ತಿಗೆಯ ತನಕ ತುಂಬಬೇಕು. 18ರಿಂದ 22 ಡಿಗ್ರಿಯ ಕತ್ತಲೆ ಮೂಲೆಯಲ್ಲಿಟ್ಟು, ಏರ್‌ಲಾಕ್‌ನ ನೀರು ಆರದಂತೆ ನೋಡಿಕೊಳ್ಳಿ. ಕಡಿಮೆ ಅಂದರೆ ಒಂಬತ್ತು ತಿಂಗಳು. ಮೂರು ತಿಂಗಳಿಗೊಮ್ಮೆಗಿಂತ ಹೆಚ್ಚು ತೆರೆಯಬೇಡಿ, ಸುಮ್ನೆ ಕುತೂಹಲಕ್ಕೆ ತೆರೆದಷ್ಟೂ ವಿನಿಗರ್ ರುಚಿ ಹತ್ತಿರವಾಗುತ್ತದೆ.

ಈ ನಡುವೆ ಹೆದರಿಸುವ ಕೆಲವು ನೋಟ ಕಾಣುತ್ತವೆ. ಮೇಲೆ ಬೆಳ್ಳಗೆ, ಗುಳ್ಳೆಗುಳ್ಳೆಯಾಗಿ ಪದರ ಕಟ್ಟುತ್ತದೆ. ಇದು ಪೆಲಿಕಲ್, ಹಾಗೇ ಬಿಡಿ. ಕೂದಲು ಕೂದಲಾಗಿ ಹಸಿರು ಅಥವಾ ಕಪ್ಪು ಬಂದರೆ ಅದು ಬೂಷ್ಟು, ಚೆಲ್ಲಿ. ಕೆಲವು ಸಲ ಬಿಯರ್ ಲೋಳೆಯಾಗಿ ಎಳೆ ಎಳೆಯಾಗಿ ಬೀಳುತ್ತದೆ. ಪೀಡಿಯೋಕಾಕಸ್‌ನ ಕೆಲಸ ಅದು. ಎರಡು ಮೂರು ತಿಂಗಳು ಕಾದರೆ ಬ್ರೆಟ್ ಅದನ್ನು ತಿಂದು ತಿಳಿ ಮಾಡುತ್ತದೆ. ಬಾಟಲಿ ಮಾಡಿದ ಮೇಲೆ ಗುಟುಕು ನುಂಗಿದ ಒಂದೆರಡು ಕ್ಷಣಕ್ಕೆ ಗಂಟಲಲ್ಲಿ ಇಲಿ ವಾಸನೆ ಬಂದರೆ, ಆ ಬಾಟಲಿಗಳನ್ನು ಕೆಲವು ತಿಂಗಳು ಮರೆತುಬಿಡಿ. ಬಹಳ ಸಲ ತಾನಾಗೇ ಹೋಗುತ್ತದೆ.

ನಿಮ್ಮ ಹಿತ್ತಲಿನ ಗಾಳಿಯನ್ನೇ ಹಿಡಿಯಬೇಕು ಅನ್ನುವ ಆಸೆ ಇದ್ದರೆ ಜಾಡಿಗಳಲ್ಲಿ ಪರೀಕ್ಷೆ ಮಾಡಿ. ತೆಳ್ಳಗಿನ, 1.030ರ ವರ್ಟನ್ನು ಒಂದೆರಡು ಹಾಪ್ಸ್ ಉಂಡೆ ಹಾಕಿ ಕುದಿಸಿ, 4.5ಕ್ಕೆ ಹುಳಿ ಮಾಡಿ, ನಾಲ್ಕೈದು ಜಾಡಿಗೆ ಅರ್ಧ ಅರ್ಧ ತುಂಬಿ. ಚಳಿ ರಾತ್ರಿಯಲ್ಲಿ ಬಾಯಿಗೆ ತೆಳು ಬಟ್ಟೆ ಕಟ್ಟಿ ಹೊರಗಿಡಿ. ಬೆಳಿಗ್ಗೆ ಒಳಗೆ ತಂದು ಏರ್‌ಲಾಕ್ ಹಾಕಿ. ಒಂದು ತಿಂಗಳು ಬಾಯಿಗೆ ಹಾಕಬೇಡಿ, ವಾಸನೆ ಮಾತ್ರ ನೋಡಿ. ಇದರಲ್ಲಿ ರಾಜಿ ಬೇಡ, ಮೊದಲ ವಾರಗಳ ಬ್ಯಾಕ್ಟೀರಿಯಾ ಹೊಟ್ಟೆ ಕೆಡಿಸಬಲ್ಲವು. ತಿಂಗಳಾದ ಮೇಲೆ ಬೂಷ್ಟಿಲ್ಲದ, ಹಣ್ಣಿನ ಘಮದ, ಪಿಎಚ್ 4ರ ಕೆಳಗಿರುವ ಜಾಡಿ ಉಳಿದರೆ ಅದರ ತಳವೇ ನಿಮ್ಮ ಹೆಪ್ಪು. ಒಂದೂ ಉಳಿಯದೆ ಇರಬಹುದು, ಮುಂದಿನ ಚಳಿಗೆ ಮತ್ತೆ ಇಡಿ.

ಬಾಟಲಿಯ ವಿಷಯದಲ್ಲಿ ಆತುರ ಬೇಡ

ಬ್ರೆಟ್ ಇರುವ ಬಿಯರನ್ನು ಬೇಗ ಬಾಟಲಿ ಮಾಡುವುದು ಈ ಹವ್ಯಾಸದಲ್ಲಿ ಎಲ್ಲಕ್ಕಿಂತ ಅಪಾಯದ ಕೆಲಸ. ಉಳಿದ ಸಕ್ಕರೆಯನ್ನು ಅದು ಬಾಟಲಿಯೊಳಗೂ ತಿನ್ನುತ್ತಾ ಹೋಗುತ್ತದೆ, ಒತ್ತಡ ಏರಿ ಗಾಜು ಸಿಡಿಯುತ್ತದೆ. ಒಂದು ತಿಂಗಳ ಅಂತರದಲ್ಲಿ ಎರಡು ಸಲ ಗ್ರಾವಿಟಿ ಒಂದೇ ಇರಬೇಕು, 1.006ಕ್ಕಿಂತ ಕೆಳಗಿದ್ದರೆ ಇನ್ನೂ ಒಳ್ಳೆಯದು. ಶಾಂಪೇನ್ ಥರದ ದಪ್ಪ ಬಾಟಲಿಗಳನ್ನೇ ಬಳಸಿ. ವರ್ಷ ಕಳೆದ ಬಿಯರ್‌ನಲ್ಲಿ ಯೀಸ್ಟ್ ಬಳಲಿರುತ್ತದೆ, ಬಾಟಲಿ ಮಾಡುವಾಗ ಒಂದೆರಡು ಗ್ರಾಂ ಒಣ ಶಾಂಪೇನ್ ಯೀಸ್ಟ್ ಸೇರಿಸಿ. ಬಾಟಲಿಗಳನ್ನು ಮುಚ್ಚಳ ಇರುವ ಗಟ್ಟಿ ಪೆಟ್ಟಿಗೆಯಲ್ಲಿಡಿ, ಮಕ್ಕಳ ಕೈಗೆ ಸಿಗದ ಕಡೆ.

ಈ ಬಿಯರ್ ಮುಟ್ಟಿದ ರಬ್ಬರ್, ಪ್ಲಾಸ್ಟಿಕ್ ಸಾಮಾನಿಗೆಲ್ಲ ಕೆಂಪು ಟೇಪ್ ಸುತ್ತಿ ಬೇರೆ ಇಡಿ, ಗೀರುಗಳೊಳಗೆ ಬ್ರೆಟ್ ಅಡಗಿರುತ್ತದೆ. ಗಾಜು, ಸ್ಟೀಲ್ ತೊಳೆದು ಕುದಿನೀರು ಹಾಕಿದರೆ ಎಲ್ಲದಕ್ಕೂ ಬಳಸಬಹುದು. ಬಾಟಲಿ ಮಾಡಿದ ದಿನವೇ ಜಾಡಿಯ ತಳದ ಮಡ್ಡಿಯ ಮೇಲೆ ಹೊಸ ವರ್ಟ್ ಸುರಿದುಬಿಡಿ. ಎರಡನೆಯ ಸುತ್ತು ಮೊದಲಿನದಕ್ಕಿಂತ ಬೇಗ ಹುಳಿಯಾಗುತ್ತದೆ. ಹಾಗಾಗಿ ಈ ಸಲ ಹಾಪ್ಸ್ ಸ್ವಲ್ಪ ಜಾಸ್ತಿ ಹಾಕಿ.